ಬೋಳು ಕಾಂಡದಿಂದ ಹೊಸ ಡೀಫೆನ್‌ಬೇಕಿಯಾ

ಮನೆಯೊಳಗೆ ಅಲಂಕಾರಕ್ಕೆ ಬೆಳೆಸುವ ಡೀಫೆನ್‌ಬೇಕಿಯಾ ಗಿಡ ವಯಸ್ಸಾದಂತೆ ಕೆಳಗಿನ ಎಲೆಗಳನ್ನು ಒಂದೊಂದಾಗಿ ಉದುರಿಸುತ್ತಾ ಮೇಲೇರುತ್ತದೆ. ಕೊನೆಗೆ ಉಳಿಯುವುದು ಬೋಳು ಕಾಂಡ, ಅದರ ತುದಿಗೆ ಒಂದಿಷ್ಟು ಎಲೆ. ಗಿಡ ಕೆಟ್ಟಿತೆಂದು ಇದನ್ನು ಕಿತ್ತೆಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊಸ ಗಿಡಗಳು ಇರುವುದೇ ಆ ಕಾಂಡದಲ್ಲಿ.

ಕತ್ತರಿಸುವ ಮುನ್ನ ಕೈಗವಸು, ಕನ್ನಡಕ ಹಾಕಿಕೊಂಡು, ಮಕ್ಕಳು, ಬೆಕ್ಕು, ನಾಯಿ ಹತ್ತಿರ ಸುಳಿಯದಂತೆ ಬಾಗಿಲು ಮುಚ್ಚುತ್ತೇನೆ. ಇದು ಕೆಸುವಿನ ಕುಟುಂಬದ ಗಿಡ. ಇದರ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಂತೆಕಂತೆಯಾಗಿ ಇರುತ್ತವೆ. ಎಲೆಯನ್ನು ಅಗಿದರೆ ಅವು ನಾಲಿಗೆಗೂ ಗಂಟಲಿಗೂ ಚುಚ್ಚಿಕೊಂಡು ಉರಿ, ಊತ ಬರುತ್ತದೆ. ಮಾತೇ ಹೊರಡದಂತಾಗುವುದೂ ಉಂಟು. ಹಾಗಾದರೆ ಬಾಯಿ ತೊಳೆಸಬೇಕು, ವಾಂತಿ ಮಾಡಿಸಬಾರದು. ಊತ ಹೆಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ರಸ ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರು ಹಾಕಿ ತೊಳೆದು ವೈದ್ಯರಿಗೆ ತೋರಿಸಲೇಬೇಕು.

ಸ್ಪಿರಿಟ್‌ನಲ್ಲಿ ಒರೆಸಿದ ಹರಿತವಾದ ಚಾಕುವಿನಿಂದ ತುದಿಯನ್ನು ಎಲೆಗಳ ಸಮೇತ ಕತ್ತರಿಸಿ ಬೇರೆ ಕುಂಡದಲ್ಲಿ ನೆಡುತ್ತೇನೆ. ಉಳಿದ ಕಾಂಡವನ್ನು 8–10 ಸೆಂಟಿಮೀಟರ್ ತುಂಡುಗಳಾಗಿಸುತ್ತೇನೆ. ಪ್ರತಿ ತುಂಡಿನಲ್ಲೂ ಕನಿಷ್ಠ 2 ಗೆಣ್ಣು ಇರಬೇಕು. ಎಲೆ ಉದುರಿದ ಜಾಗದಲ್ಲಿ ಕಾಂಡವನ್ನು ಸುತ್ತಿದ ಉಂಗುರದಂಥ ಗುರುತು ಕಾಣುತ್ತದೆ, ಅದೇ ಗೆಣ್ಣು. ಅದರ ಪಕ್ಕದ ಪುಟ್ಟ ಉಬ್ಬೇ ಮೊಗ್ಗು. ಕತ್ತರಿಸಿದ ಬಾಯಿ ಒಣಗಲು ಒಂದು ದಿನ ನೆರಳಿನಲ್ಲಿಟ್ಟು, ತೆಂಗಿನ ನಾರಿನ ಪುಡಿ ಮತ್ತು ಮರಳಿನ ಮಿಶ್ರಣದಲ್ಲಿ ತುಂಡುಗಳನ್ನು ಅಡ್ಡಲಾಗಿ, ಮೊಗ್ಗು ಮೇಲಾಗುವಂತೆ ಅರ್ಧ ಹೂಳುತ್ತೇನೆ. ಬೇರು ಬರುವ ತನಕ ಮಿಶ್ರಣದಲ್ಲಿ ತೇವವಿರಬೇಕು, ನೀರು ನಿಲ್ಲಬಾರದು. ಕೊಳೆತುಹೋಗುವ ತುಂಡುಗಳೆಲ್ಲ ಬಹುತೇಕ ಅತಿ ನೀರಿನಿಂದಲೇ ಕೊಳೆಯುತ್ತವೆ. ಹಳೆಯ ಕುಂಡದ ಮೋಟು ಕೂಡ ಚಿಗುರುತ್ತದೆ, ಆದರೆ ನೀರು ಆವಿಯಾಗಿಸಲು ಎಲೆಗಳಿಲ್ಲದ ಕಾರಣ ಅದಕ್ಕೆ ಮೊದಲಿಗಿಂತ ಕಡಿಮೆ ನೀರು ಸಾಕು.

ಕೆಲಸ ಮುಗಿದೊಡನೆ ಚಾಕು, ಕೈಗವಸುಗಳನ್ನು ಸೋಪು ಹಾಕಿ ತೊಳೆಯುತ್ತೇನೆ. ಕತ್ತರಿಸಿ ಉಳಿದ ಚೂರುಗಳನ್ನು ಕಾಗದದಲ್ಲಿ ಸುತ್ತಿಯೇ ಕಸಕ್ಕೆ ಹಾಕುವುದು.

ಚಿಗುರು ಸುರುಳಿಯಾಗಿ ಮೇಲೆದ್ದು ಬಿಚ್ಚಿಕೊಳ್ಳತೊಡಗಿದರೆ ಬೆಳಕಿನ ಯೋಚನೆ ಮಾಡಬೇಕು. ಎಲೆಯ ಮೇಲಿನ ಬಿಳಿ ಮಚ್ಚೆಗಳಲ್ಲಿ ಪತ್ರಹರಿತ್ತು ತೀರಾ ಕಡಿಮೆ. ಮಂದ ಮೂಲೆಯಲ್ಲಿಟ್ಟರೆ ಹೊಸ ಎಲೆಗಳು ಹಸಿರಿಗೆ ತಿರುಗಿ ಚಿತ್ತಾರ ಮಸುಕಾಗುತ್ತದೆ, ನೇರ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ನಾನು ತೆಳು ಪರದೆಯ ಕಿಟಕಿಯ ಬಳಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡುತ್ತೇನೆ.