ದೌರ್ಬಲ್ಯವಿರುವ ಸೆಂಟರ್‌ಗೆ ಒಪ್ಪುವ ಕೆಲಸ

ಕೈಯಲ್ಲಿ ಹಿಡಿತ ಕಡಿಮೆ, ಪಾದ ನಿಧಾನ, ಫೌಲ್‌ಗೆ ಸಿಗುವ ಫ್ರೀ ಥ್ರೋ ಎಸೆತ ಅರ್ಧಕ್ಕರ್ಧ ತಪ್ಪು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂಥ ಎತ್ತರದ ಸೆಂಟರ್‌ಗೆ, ಅಂದರೆ ರಿಂಗ್ ಹತ್ತಿರ ಆಡುವವನಿಗೆ, ಮೊದಲ ವಾರ ನಾನು ಹೊಸದೇನನ್ನೂ ಕಲಿಸುವುದಿಲ್ಲ. ಮೂರು ಅಭ್ಯಾಸ ಪಂದ್ಯಗಳಲ್ಲಿ ಅವನ ಕೈಗೆ ಚೆಂಡು ಬಂದಾಗಲೆಲ್ಲ ಬರೆದಿಡುತ್ತೇನೆ: ಎಲ್ಲಿ ಸಿಕ್ಕಿತು, ಎಷ್ಟು ಡ್ರಿಬಲ್ ಮಾಡಿದ, ಕೊನೆಗೆ ಏನಾಯಿತು. ಹೆಚ್ಚುಕಡಿಮೆ ಪ್ರತಿಸಲವೂ ಕಾಣುವುದು ಇದೇ: ರಿಂಗ್ ಹತ್ತಿರ ಹಿಡಿದು ಡ್ರಿಬಲ್ ಇಲ್ಲದೆ ಹಾಕಿದ್ದು ಒಳಗೆ ಬೀಳುತ್ತದೆ, ರಿಂಗ್‌ಗೆ ಬೆನ್ನು ಹಾಕಿ ಎರಡನೇ ಡ್ರಿಬಲ್ ಹೊಡೆದದ್ದು ಎದುರಾಳಿಯ ಕೈ ಸೇರುತ್ತದೆ. ಚೆಂಡನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಗಿಡ್ಡ ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವವನು) ಕೂಡ ಕಸಿದುಕೊಳ್ಳುತ್ತಾನೆ. ಹಾಗಾಗಿ ರಿಂಗ್‌ಗೆ ಬೆನ್ನು ಹಾಕಿ ಆಡುವ ಪೋಸ್ಟ್ ಆಟ ಬಿಡಿಸಿ, ಚೆಂಡು ಗಲ್ಲದಿಂದ ಕೆಳಗೆ ಬರಬಾರದು ಎಂಬ ಒಂದೇ ನಿಯಮ ಹಾಕುತ್ತೇನೆ.

ಅವನ ಮುಖ್ಯ ಕೆಲಸ ಸ್ಕ್ರೀನ್: ನಮ್ಮ ಗಾರ್ಡ್‌ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುವುದು. ಪಾದಗಳು ಭುಜಕ್ಕಿಂತ ಸ್ವಲ್ಪ ಅಗಲ, ಕೈ ಎದೆಗೆ ಒತ್ತಿರಬೇಕು, ನಮ್ಮ ಗಾರ್ಡ್ ಅವನ ಭುಜ ಸವರಿಕೊಂಡು ದಾಟುವವರೆಗೆ ಅಲುಗಾಡಬಾರದು. ಇಲ್ಲಿ ತಪ್ಪುವುದು ಎರಡು ರೀತಿ. ಸೊಂಟ ಹೊರಳಿಸಿದರೆ ಫೌಲ್. ಅವಸರಪಟ್ಟು ರಿಂಗ್ ಕಡೆ ಓಡಿದರೆ ಗಾರ್ಡ್‌ನ ಕಾವಲುಗಾರ ಸಲೀಸಾಗಿ ನುಸುಳುತ್ತಾನೆ. ಕಾವಲುಗಾರ ಸ್ಕ್ರೀನ್‌ಗೆ ತಗುಲಿದ ಮೇಲೆ ಚೆಂಡಿನ ಕಡೆಗೆ ಎದೆ ತಿರುಗಿಸಿ ಎರಡು ದೊಡ್ಡ ಹೆಜ್ಜೆ, ಕೈ ಮೇಲೆ. ಕೈ ಗಟ್ಟಿಯಿಲ್ಲದವನಿಗೆ ಓಟದಲ್ಲಿ ನೆಲಕ್ಕೆ ಬಡಿದು ಪುಟಿಯುವ ಬೌನ್ಸ್ ಪಾಸ್ ಕೊಡಬೇಡಿ. ತಲೆಗಿಂತ ಮೇಲೆ ಕೊಡಿ. ಇದು ಗಾರ್ಡ್ ಕಲಿಯಬೇಕಾದ ಪಾಠ.

ಸ್ಕ್ರೀನ್ ಇಲ್ಲದಾಗ ಅವನ ಜಾಗ ರಿಂಗ್ ಹಿಂದಿನ ಬೇಸ್‌ಲೈನ್ ಗೆರೆಯ ಪಕ್ಕ, ಪೇಂಟ್‌ನಿಂದ (ರಿಂಗ್ ಕೆಳಗಿನ ಆಯತದಿಂದ) ಒಂದು ಹೆಜ್ಜೆ ಹೊರಗೆ. ಒಳಗೇ ನಿಂತರೆ, ಅಲ್ಲಿ ಹೆಚ್ಚು ಹೊತ್ತು ಇರಗೊಡದ 3 ಸೆಕೆಂಡ್ ನಿಯಮ ಹಿಡಿಯುತ್ತದೆ, ಜೊತೆಗೆ ಒಬ್ಬನೇ ಎದುರಾಳಿ ಅವನನ್ನೂ ನುಗ್ಗಿ ಬರುವ ಗಾರ್ಡ್‌ನನ್ನೂ ಕಾಯುತ್ತಾನೆ. ಶೂಟ್ ಮಾಡಲು ಬಾರದ ಇನ್ನೊಬ್ಬನನ್ನು ಅವನ ಜೊತೆ ಆಡಿಸಿದರೆ ಎದುರಾಳಿಗಳು ಒಳಗೇ ಗುಂಪಾಗಿ ಪೇಂಟ್ ಮುಚ್ಚಿಹೋಗುತ್ತದೆ. ನನ್ನ ಪ್ರಕಾರ ಇಂಥ ಆಟಗಾರರು ಸೋಲುವುದು ಹೆಚ್ಚಾಗಿ ಈ ಜೋಡಣೆಯಿಂದ.

ರಕ್ಷಣೆಯಲ್ಲಿ ಡ್ರಾಪ್, ಅಂದರೆ ಎದುರಾಳಿ ಸ್ಕ್ರೀನ್ ಹಾಕಿದಾಗ ಮುಂದೆ ನುಗ್ಗದೆ ಹಿಂದೆ ಸರಿದು ಕಾಯುವುದು: ಫ್ರೀ ಥ್ರೋ ಗೆರೆಯಿಂದ ಒಂದೆರಡು ಹೆಜ್ಜೆ ಒಳಗೆ, ಚೆಂಡಿಗೂ ರಿಂಗ್‌ಗೂ ನಡುವೆ. ಮಧ್ಯದೂರದ ಶಾಟ್ ಬಿಟ್ಟುಕೊಡಿ, ರಿಂಗ್ ಪಕ್ಕದಿಂದ ಹಾಕುವ ಲೇಅಪ್ ಬಿಡಬೇಡಿ. ಎದುರಾಳಿ ಸೆಂಟರ್ 6.75 ಮೀಟರ್‌ನ ಮೂರು ಅಂಕದ ಗೆರೆಯಾಚೆಯಿಂದ ಹಾಕಬಲ್ಲವನಾದರೆ ಡ್ರಾಪ್ ನಡೆಯದು. ಆಗ ಅವರ ಅತಿ ದುರ್ಬಲ ಶೂಟರ್‌ನ ಮೇಲೆ ಇವನನ್ನು ಬಿಡುತ್ತೇನೆ. ಹುಸಿ ಶಾಟ್‌ಗೆ ಹಾರುವ ಚಟ ಒಬ್ಬನಿಗಿರುವ ಐದು ಫೌಲ್‌ಗಳನ್ನು ಬೇಗ ಮುಗಿಸಿ ಅವನನ್ನು ಹೊರಗೆ ಕಳಿಸುತ್ತದೆ. ಶೂಟರ್‌ನ ಪಾದ ನೆಲ ಬಿಟ್ಟ ಮೇಲೆಯೇ ಇವನು ಹಾರಬೇಕು, ಅದೂ ನೇರಕ್ಕೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದ ಸೆಂಟರ್ ಬೆನ್ ವಾಲೇಸ್ ಅವರ ಫ್ರೀ ಥ್ರೋ ಯಶಸ್ಸು ವೃತ್ತಿಜೀವನದುದ್ದಕ್ಕೂ ಸುಮಾರು 41%. ಆದರೂ ಎನ್‌ಬಿಎಯ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ನಾಲ್ಕು ಬಾರಿ ಅವರದಾಯಿತು, 2004ರಲ್ಲಿ ಅವರ ತಂಡ ಡೆಟ್ರಾಯಿಟ್ ಚಾಂಪಿಯನ್ ಆಯಿತು. ಅರ್ಧದಷ್ಟಾದರೂ ಫ್ರೀ ಥ್ರೋ ಹಾಕುವವನು ಎರಡು ಎಸೆತಕ್ಕೆ ಒಂದು ಅಂಕ ತರುತ್ತಾನೆ; ಪಂದ್ಯದ ನಡುವೆ ಅದು ಸಹಿಸಬಹುದಾದದ್ದೇ. ಕೊನೆಯ ಎರಡು ನಿಮಿಷದಲ್ಲಿ ಮುನ್ನಡೆಯಲ್ಲಿದ್ದು, ಎದುರಾಳಿಯ ತಂಡದ ಫೌಲ್ ಆ ಕ್ವಾರ್ಟರ್‌ನಲ್ಲಿ ನಾಲ್ಕಾಗಿ ಮುಂದಿನ ಫೌಲ್‌ಗೆ ಫ್ರೀ ಥ್ರೋ ಸಿಗುವಂತಿದ್ದರೆ ಮಾತ್ರ, ಆಟ ನಿಂತಾಗಲೆಲ್ಲ ಬದಲಿಸುತ್ತೇನೆ: ನಮ್ಮ ಚೆಂಡಾದರೆ ಹೊರಗೆ, ಅವರ ಚೆಂಡಾದರೆ ಒಳಗೆ.