ಪೆನಾಲ್ಟಿ ಕಾರ್ನರ್ ಗೋಲು: ಪುಶ್ ಸರಿಯಾದರೆ ಅರ್ಧ ಕೆಲಸ ಮುಗಿದಂತೆ

ಹಾಕಿಯಲ್ಲಿ ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಬಿದ್ದರೆ ಹೆಸರು ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವ ಡ್ರ್ಯಾಗ್ ಫ್ಲಿಕರ್‌ಗೆ, ಬೀಳದಿದ್ದರೆ ಬೈಗುಳವೂ ಅವರಿಗೇ. ಕಾರ್ನರ್ ಅಭ್ಯಾಸ ಮಾಡಿಸುವಾಗ ನಾನು ಮಾತ್ರ ಫ್ಲಿಕರ್ ಕಡೆ ಹೋಗುವುದು ಕೊನೆಗೆ. ಅರ್ಧಕ್ಕಿಂತ ಹೆಚ್ಚು ಸಮಯ ಪುಶ್ (ಚೆಂಡನ್ನು ಒಳಕ್ಕೆ ತಳ್ಳಿಕೊಡುವುದು) ಮತ್ತು ಸ್ಟಾಪ್‌ಗೇ (ಅದನ್ನು ಫ್ಲಿಕರ್‌ಗಾಗಿ ನಿಲ್ಲಿಸುವುದು) ಹೋಗುತ್ತದೆ. ಚೆಂಡು ತಡವಾಗಿ ಬಂದರೆ ಎಂಥ ಫ್ಲಿಕರ್ ಇದ್ದರೂ ಎದುರಿಗೆ ರಷರ್, ಅಂದರೆ ಶಾಟ್ ತಡೆಯಲು ಗೋಲಿನಿಂದ ಓಡಿಬರುವ ಡಿಫೆಂಡರ್, ಬಂದು ನಿಂತಿರುತ್ತಾನೆ.

ಪುಶ್ ಮಾಡುವ ಜಾಗ ಗೋಲ್ ಪೋಸ್ಟ್‌ನಿಂದ ಕನಿಷ್ಠ 10 ಮೀಟರ್ ದೂರ, ಗೋಲು ಇರುವ ಕಡೆಯ ಅಂಚಿನ ಗೆರೆಯಾದ ಬ್ಯಾಕ್‌ಲೈನ್ ಮೇಲೆ. ಗೋಲಿನ ಮುಂದಿರುವ ಡಿ ಆಕಾರದ ಆವರಣದ ಗೆರೆ, ಅಂದರೆ ಡಿ ಗೆರೆ, ಗೋಲಿನಿಂದ 14.63 ಮೀಟರ್ ಇರುವುದರಿಂದ ಚೆಂಡು ಓರೆಯಾಗಿ ಸುಮಾರು 18ರಿಂದ 20 ಮೀಟರ್ ಉರುಳಬೇಕು. ಪುಶ್ ಮಾಡುವ ಇಂಜೆಕ್ಟರ್‌ನ ಒಂದು ಕಾಲಾದರೂ ಗೆರೆಯ ಹೊರಗಿರಲೇಬೇಕು. ಎಡ ಭುಜ ಚೆಂಡು ನಿಲ್ಲಿಸುವ ಸ್ಟಾಪರ್ ಕಡೆಗಿರಲಿ, ಮಂಡಿ ಚೆನ್ನಾಗಿ ಬಗ್ಗಲಿ, ಸ್ಟಿಕ್ ನೆಲಕ್ಕೆ ಆದಷ್ಟು ಹತ್ತಿರ ಮಲಗಲಿ. ಚೆಂಡಿಗೂ ಸ್ಟಿಕ್ಕಿಗೂ ನಡುವೆ ಸಂದು ಇರಬಾರದು. ಹಿಂದಕ್ಕೆ ಎತ್ತಿ ಬಡಿದರೆ ಅದು ಪುಶ್ ಆಗುವುದಿಲ್ಲ, ಚೆಂಡು ಕುಪ್ಪಳಿಸುತ್ತದೆ. ಕುಪ್ಪಳಿಸಲು ಇನ್ನೊಂದು ಕಾರಣ, ಕೊನೆಯ ಗಳಿಗೆಯಲ್ಲಿ ಬಲ ಮಣಿಕಟ್ಟು ಮೇಲಕ್ಕೆ ಹೊರಳುವುದು. ಅದಕ್ಕೆ ಸ್ಟಾಪರ್ ನಿಲ್ಲುವ ಕಡೆ 40 ಸೆಂಟಿಮೀಟರ್ ಅಂತರದಲ್ಲಿ ಎರಡು ಕೋನ್ ಇಟ್ಟು, ಹತ್ತರಲ್ಲಿ ಎಂಟು ಪುಶ್ ಅದರ ನಡುವೆ, ನೆಲ ಬಿಡದೆ, ಒಂದೂವರೆ ಸೆಕೆಂಡಿನೊಳಗೆ ಬರುವವರೆಗೂ ಅದಕ್ಕಿಂತ ಹೆಚ್ಚಿನ ವೇಗದ ಮಾತು ಎತ್ತುವುದಿಲ್ಲ. ವೇಗ ಮೊದಲು, ಗುರಿ ಆಮೇಲೆ ಅನ್ನುವ ತರಬೇತುದಾರರೂ ಇದ್ದಾರೆ. ಗುರಿ ತಪ್ಪಿದ ಚೆಂಡನ್ನು ಹುಡುಕುತ್ತಾ ಸ್ಟಾಪರ್ ಅತ್ತಿತ್ತ ಸರಿದರೆ ಗಳಿಸಿದ ವೇಗ ಅಲ್ಲೇ ಕರಗುತ್ತದೆ. ಹಾಗಾಗಿ ನಾನು ಒಪ್ಪುವುದಿಲ್ಲ.

ಸ್ಟಾಪರ್ ಚೆಂಡನ್ನು ಡಿ ಹೊರಗೇ ನಿಲ್ಲಿಸಬೇಕು. ಚೆಂಡು ಒಮ್ಮೆ ಡಿ ದಾಟದೆ ಗೋಲು ಬಿದ್ದರೆ ಲೆಕ್ಕಕ್ಕಿಲ್ಲ. ಗೆರೆಯಿಂದ ಒಂದು ಅಡಿ ಹೊರಗೆ ಸುಣ್ಣದಲ್ಲಿ ಗುರುತು ಹಾಕಿ ಅಲ್ಲೇ ನಿಲ್ಲಿಸುವ ಅಭ್ಯಾಸ ಮಾಡಿಸುತ್ತೇನೆ. ಸ್ಟಿಕ್ಕಿನ ಹಿಡಿಕೆ ಮುಂದಕ್ಕೆ ವಾಲಿರಬೇಕು, ಚೆಂಡು ಅದರಡಿ ಸಿಕ್ಕಿಬೀಳಬೇಕು. ಕೈ ಬಿಗಿಯಾಗಿದ್ದರೆ ಚೆಂಡು ಸಿಡಿದು ಒಂದು ಗೇಣು ಆಚೆ ಹೋಗುತ್ತದೆ, ಫ್ಲಿಕರ್‌ನ ಹೆಜ್ಜೆಯ ಲೆಕ್ಕವೆಲ್ಲ ತಪ್ಪುತ್ತದೆ. ನಿಲ್ಲಿಸಿದ ತಕ್ಷಣ ಸ್ಟಿಕ್ ತೆಗೆದು ದಾರಿ ಬಿಡಬೇಕು. ಓಡಿ ಬರುವ ಫ್ಲಿಕರ್ ಕಡೆ ಸ್ಟಾಪರ್ ಕಣ್ಣು ಹಾಯಿಸಿದರೆ ಆ ಸ್ಟಾಪ್ ಹೋಯಿತು ಅಂತಲೇ ತಿಳಿಯಬೇಕು.

ಫ್ಲಿಕ್‌ನಲ್ಲಿ ಬಲ ಬರುವುದು ಕೈಯಿಂದಲ್ಲ, ಚೆಂಡನ್ನು ಎಳೆಯುವ ಉದ್ದದಿಂದ. ಬಲಗಾಲು ಎಡಗಾಲಿನ ಹಿಂದಿನಿಂದ ದಾಟಿ ಊರಬೇಕು. ಚೆಂಡು ಆ ಬಲಗಾಲಿನ ಪಕ್ಕ ಅಥವಾ ತುಸು ಹಿಂದೆ ಇರುವಾಗಲೇ ಸ್ಟಿಕ್ಕಿಗೆ ಸಿಗಬೇಕು. ಆಮೇಲೆ ಎಡಗಾಲಿನ ಉದ್ದನೆಯ ಹೆಜ್ಜೆ. ಮೊದಲು ಸೊಂಟ ತಿರುಗಬೇಕು, ನಂತರ ಭುಜ, ಕೊನೆಗೆ ಮಣಿಕಟ್ಟು. ಹೊಸಬರು ಚೆಂಡನ್ನು ಎಡಗಾಲಿನ ಹತ್ತಿರ ಎತ್ತಿಕೊಳ್ಳುತ್ತಾರೆ. ಆಗ ಎಳೆಯಲು ಜಾಗವೇ ಉಳಿಯದೆ, ಬರೀ ತೋಳಿನಿಂದ ಎಸೆದ ಹಾಗಾಗುತ್ತದೆ. ಎಡಗಾಲು ಅಡ್ಡಕ್ಕೆ ಊರಿದರೆ ಸೊಂಟ ತಿರುಗುವುದಿಲ್ಲ, ಬೆನ್ನಿನ ಕೆಳಭಾಗಕ್ಕೆ ಪೆಟ್ಟು. ಬೆನ್ನು ಉಳಿಯಬೇಕೆಂದೇ ಪೂರ್ತಿ ಬಲದ ಫ್ಲಿಕ್‌ಗಳನ್ನು ಒಂದು ಸೆಷನ್‌ಗೆ 30–40ಕ್ಕೆ ನಿಲ್ಲಿಸುತ್ತೇನೆ. ಚೆಂಡನ್ನು ಬೇಗ ಬಿಟ್ಟರೆ ಬಲಕ್ಕೆ ಹೋಗುತ್ತದೆ, ತಡವಾಗಿ ಬಿಟ್ಟರೆ ಎಡಕ್ಕೆ. ದಿಕ್ಕು ತಪ್ಪುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಲೋ ಬೋ ಸ್ಟಿಕ್‌ನ ಬಾಗು ಕೆಳಗಿರುವುದರಿಂದ ಚೆಂಡು ಎಳೆಯುವಾಗ ಜಾರುವುದು ಕಡಿಮೆ. ಬಾಗು 25 ಮಿಲಿಮೀಟರ್ ಮೀರುವಂತಿಲ್ಲ.

ಫ್ಲಿಕ್‌ಗೆ ಇಷ್ಟು ಬೆಲೆ ಬಂದಿದ್ದೇ ನಿಯಮದಿಂದ. ಕಾರ್ನರ್‌ನ ಮೊದಲ ಹೊಡೆತ ಸ್ಟಿಕ್ ಬೀಸಿ ಹೊಡೆದ ಹಿಟ್ ಆಗಿದ್ದರೆ ಚೆಂಡು ಗೋಲ್ ಗೆರೆಯನ್ನು 460 ಮಿಲಿಮೀಟರ್ ಒಳಗಿನ ಎತ್ತರದಲ್ಲಿ, ಅಂದರೆ ಗೋಲಿನೊಳಗಿನ ಹಲಗೆಯಾದ ಬ್ಯಾಕ್‌ಬೋರ್ಡ್ ಮಟ್ಟದಲ್ಲೇ ದಾಟಬೇಕು. ಫ್ಲಿಕ್‌ಗೆ ಈ ಮಿತಿ ಇಲ್ಲ, ಅಪಾಯವಾಗದಿದ್ದರೆ 2.14 ಮೀಟರ್ ಎತ್ತರದ ಗೋಲು ಪೂರ್ತಿ ತೆರೆದಿರುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಕಂಚಿನ ಪಂದ್ಯ ಭಾರತ ಸ್ಪೇನ್ ಎದುರು 2–1ರಿಂದ ಗೆದ್ದಾಗ ಎರಡೂ ಗೋಲು ಹರ್ಮನ್‌ಪ್ರೀತ್ ಸಿಂಗ್ ಕಾರ್ನರ್‌ನಿಂದಲೇ ಹೊಡೆದದ್ದು. ನಮ್ಮ ಕೊಡಗು ಕೊಟ್ಟ ಲೆನ್ ಅಯ್ಯಪ್ಪ, ವಿ. ಆರ್. ರಘುನಾಥ್ ಹೆಸರು ಮಾಡಿದ್ದೂ ಇದರಲ್ಲೇ. ಆದರೆ ಇದೆಲ್ಲ ನೀರು ಹಾಯಿಸಿದ ಟರ್ಫ್ ಮೇಲೆ. ಮಣ್ಣು-ಹುಲ್ಲಿನ ಮೈದಾನದಲ್ಲಿ ಎಳೆಯುವಾಗ ಚೆಂಡು ಸ್ಟಿಕ್ ಬಿಟ್ಟು ಹಾರುತ್ತದೆ. ಅಲ್ಲಿ ಹಟ ಹಿಡಿಯದೆ ಹಿಟ್‌ಗೇ ಹೋಗುವುದು ಲೇಸು.

ರಷರ್ ವಿಷಯ ಒಂದಿದೆ. ಐದು ಮೀಟರ್ ಒಳಗೆ ಬಂದ ಡಿಫೆಂಡರ್‌ಗೆ ಮೊದಲ ಶಾಟ್ ಮಂಡಿಗೆ ಅಥವಾ ಅದಕ್ಕಿಂತ ಮೇಲೆ ಬಡಿದರೆ ಅಪಾಯದ ಆಟವೆಂದು ಫ್ರೀ ಹಿಟ್ ಅವರಿಗೇ ಸಿಗುತ್ತದೆ. ಮಂಡಿಯ ಕೆಳಗೆ ಬಡಿದರೆ ನಮಗೆ ಇನ್ನೊಂದು ಕಾರ್ನರ್. ಆದ್ದರಿಂದ ರಷರ್ ನೇರ ಫ್ಲಿಕರ್ ಮೇಲೇ ಬರುತ್ತಿದ್ದರೆ ಮುಂದಿನ ಕಾರ್ನರ್‌ನಲ್ಲಿ ಸ್ಟಾಪರ್‌ನಿಂದ ಎರಡನೇ ಬ್ಯಾಟರಿಗೆ (ಪಕ್ಕದಲ್ಲಿ ಸಿದ್ಧವಾಗಿ ನಿಂತ ಇನ್ನೊಂದು ಶಾಟ್ ಗುಂಪಿಗೆ) ಸ್ಲಿಪ್, ಅಂದರೆ ಚಿಕ್ಕ ಪಾಸ್, ಕೊಡಿಸುತ್ತೇನೆ, ಇಲ್ಲವೇ ಪುಶ್ ಮಾಡಿ ಒಳಗೆ ಓಡಿಬಂದ ಇಂಜೆಕ್ಟರ್‌ನ ಸ್ಟಿಕ್ಕಿಗೆ ಚೆಂಡು ತಾಗಿಸಿ ಡಿಫ್ಲೆಕ್ಷನ್ ಮಾಡಿಸುತ್ತೇನೆ.

ಮೊದಲ ಶಾಟ್ ಗೋಲ್‌ಕೀಪರ್‌ನ ಪ್ಯಾಡ್‌ಗೆ ಬಡಿದು ವಾಪಸ್ ಬಂದರೆ 460ರ ಮಿತಿ ಅಲ್ಲಿಗೆ ಮುಗಿಯಿತು. ರಿಬೌಂಡ್ ಅನ್ನು ಎತ್ತಿ ಹೊಡೆದರೂ ಗೋಲೇ. ಅದಕ್ಕೇ ಇಬ್ಬರನ್ನು, ಒಂದೊಂದು ಪೋಸ್ಟ್ ಕಡೆಗೆ ಒಬ್ಬೊಬ್ಬರಂತೆ, ಸ್ಟಿಕ್ ನೆಲಕ್ಕೆ ತಾಗಿಸಿಕೊಂಡೇ ಒಳಗೆ ಓಡಿಸುತ್ತೇನೆ. ಶಾಟ್ ಏನಾಯಿತೆಂದು ನಿಂತು ನೋಡುವವರನ್ನು ಆ ಕೆಲಸಕ್ಕೆ ಹಾಕುವುದಿಲ್ಲ.