ಭೇದಿಗೆ ಓಆರ್‌ಎಸ್: ಅಳತೆ ಸರಿಯಿರಲಿ

ಮಗುವಿಗೆ ಭೇದಿ ಶುರುವಾದರೆ ಎಷ್ಟೋ ಮನೆಗಳಲ್ಲಿ ಮೊದಲು ನೀರನ್ನೇ ನಿಲ್ಲಿಸುತ್ತಾರೆ. ಕುಡಿಸಿದಷ್ಟೂ ಹೋಗುತ್ತದೆ ಎಂಬ ಭಯ. ಪ್ರಾಣಕ್ಕೆ ಕುತ್ತು ಬರುವುದು ಹೀಗೆಯೇ: ಹೋದ ನೀರು, ಉಪ್ಪು ವಾಪಸ್ ಸಿಗದೆ. ಅವನ್ನು ವಾಪಸ್ ಕೊಡುವುದೇ ಓಆರ್‌ಎಸ್, ಅಂದರೆ ಸಕ್ಕರೆ, ಉಪ್ಪು ಅಳತೆಯಲ್ಲಿ ಬೆರೆಸಿದ ನೀರು.

ದೊಡ್ಡವರ ಸಣ್ಣ ಕರುಳಿಗೆ ದಿನಕ್ಕೆ ಸುಮಾರು 9 ಲೀಟರ್ ದ್ರವ ಇಳಿಯುತ್ತದೆ. ಕುಡಿದದ್ದು, ಉಂಡದ್ದರಿಂದ ಬರುವುದು 2 ಲೀಟರ್. ಮಿಕ್ಕಿದ್ದು ಜೊಲ್ಲು, ಜಠರರಸ, ಪಿತ್ತರಸ, ಕರುಳಿನದೇ ರಸ. ಅಷ್ಟನ್ನೂ ಹೀರಿಕೊಂಡು ಮಲದಲ್ಲಿ ಬಿಡುವುದು 100–200 ಮಿ.ಲೀ. ಮಾತ್ರ. ಭೇದಿಯಲ್ಲಿ ಈ ಲೆಕ್ಕ ಕೆಡುತ್ತದೆ. ಆದರೂ ಕರುಳಿನ ಗೋಡೆಯ ಒಂದು ದಾರಿ ಸಾಮಾನ್ಯವಾಗಿ ತೆರೆದೇ ಇರುತ್ತದೆ: ಗ್ಲೂಕೋಸಿನ ಒಂದೊಂದು ಅಣುವಿನ ಜೊತೆ ಎರಡು ಸೋಡಿಯಂ ಕಣ ಒಳಹೋಗುತ್ತವೆ, ಅವುಗಳ ಬೆನ್ನಿಗೆ ನೀರು. ಸಕ್ಕರೆ, ಉಪ್ಪು ಎರಡೂ ಬೇಕಾಗುವುದು ಇದಕ್ಕೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಗೆ ಕಾಲರಾ ಬಡಿದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಸಾವಿರಾರು ಜನರನ್ನು ಉಳಿಸಿದ್ದು ಇಂಥದೇ ದ್ರಾವಣದಿಂದ.

ಕೈಯನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ 1 ಲೀಟರ್ ನೀರನ್ನು ಅಳೆದುಕೊಳ್ಳಿ. 20.5 ಗ್ರಾಂನ ಓಆರ್‌ಎಸ್ ಪುಡಿಯ ಪೊಟ್ಟಣವನ್ನು ಒಂದೇ ಸಲಕ್ಕೆ ಪೂರ್ತಿ ಸುರಿದು ಕಲಕಿ. 200 ಮಿ.ಲೀ.ಗೆಂದೇ ಮಾಡಿದ ಚಿಕ್ಕ ಪೊಟ್ಟಣಗಳೂ ಇವೆ, ಹಾಗಾಗಿ ಮೇಲಿನ ಬರಹ ಓದಿಯೇ ಒಡೆಯಿರಿ. ಕಲಸಿದ್ದನ್ನು ಮತ್ತೆ ಕುದಿಸಬೇಡಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

ಪೊಟ್ಟಣ ಸಿಗದಿದ್ದರೆ 1 ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಪುಡಿ ಉಪ್ಪು. ಚಮಚ 5 ಮಿ.ಲೀ.ನದಾಗಿರಲಿ, ಗೋಪುರವಾಗಿ ತುಂಬದೆ, ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿ. ಚಿಟಿಕೆ, ಹಿಡಿ ಲೆಕ್ಕವನ್ನು ನಂಬಬೇಡಿ. ಸಕ್ಕರೆ ಹೆಚ್ಚಾದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಜೋರಾಗುತ್ತದೆ. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ತಟ್ಟುತ್ತದೆ, ಫಿಟ್ಸ್ ಬರಬಹುದು. ಕುಡಿಸುವ ಮೊದಲು ನೀವೇ ರುಚಿ ನೋಡಿ: ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿ. ಮನೆಯ ದ್ರಾವಣದಲ್ಲಿ ಪೊಟಾಷಿಯಂ ಇಲ್ಲ. ಬಾಳೆಹಣ್ಣು ಆ ಕೊರತೆ ತುಂಬುತ್ತದೆ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದೊಂದನ್ನೇ ನೆಚ್ಚಬೇಡಿ.

ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50–100 ಮಿ.ಲೀ., ದೊಡ್ಡ ಮಕ್ಕಳಿಗೆ 100–200 ಮಿ.ಲೀ. ಲೋಟ ಎತ್ತಿ ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ಚಮಚದಲ್ಲಿ ನಿಧಾನವಾಗಿ ಕೊಡಿ. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ಶುರುಮಾಡಿ. ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ವೈದ್ಯರು ಬರೆಯುವ ಜಿಂಕ್ (6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ) ಭೇದಿ ನಿಂತರೂ 14 ದಿನ ಮುಗಿಯಲೇಬೇಕು.

ಮೂತ್ರದ ಮೇಲೆ ಕಣ್ಣಿಡಿ. ನೀರು ಕಡಿಮೆಯಾದೊಡನೆ ಮಿದುಳು ಬಾಯಾರಿಕೆ ಹುಟ್ಟಿಸುತ್ತದೆ, ಜೊತೆಗೆ ಹಾರ್ಮೋನ್ ಬಿಟ್ಟು ಕಿಡ್ನಿಗೆ ನೀರು ಹಿಡಿದಿಡಲು ಹೇಳುತ್ತದೆ. ಅದಕ್ಕೇ ಮೂತ್ರ ಕಡಿಮೆಯಾಗಿ, ಗಾಢ ಹಳದಿಗೆ ತಿರುಗುತ್ತದೆ. ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ: ಆರೋಗ್ಯವಂತ ಮಗುವಿನಲ್ಲಿ ತಕ್ಷಣ ಕೂರುತ್ತದೆ. ಮಡಿಕೆ 2 ಸೆಕೆಂಡಿಗಿಂತ ಹೆಚ್ಚು ನಿಂತರೆ, ಕಣ್ಣು ಗುಳಿಬಿದ್ದಿದ್ದರೆ, ಮಗು ಮಂಕಾಗಿ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಕುಡಿಯುವಷ್ಟು ಎಚ್ಚರವಿದ್ದರೆ ದಾರಿಯುದ್ದಕ್ಕೂ ಚಮಚ ನಿಲ್ಲದಿರಲಿ.